ಡೀಪ್ ಕ್ಲೋನ್ ಮುಗಿದ ದಿನ

18 ಸೆಪ್ಟೆಂಬರ್ 2024, ಬುಧವಾರ. ಹೆಮ್ಮಾಡಿ

ಇವತ್ತಿನಿಂದ ನಾನು ಮಂಚದ ಆಸ್ತಿ. ಕುಂದಾಪುರದ ಡಾಕ್ಟರಮ್ಮ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, ಬಚ್ಚಲಿಗೆ ಹೋಗುವುದೊಂದು ಬಿಟ್ಟು ಹೆರಿಗೆಯವರೆಗೆ ಏಳಬಾರದು ಎಂದುಬಿಟ್ಟರು. ಐದು ತುಂಬುವ ಮೊದಲೇ ತವರಿಗೆ ಬಂದು ಬಿದ್ದುಕೊಂಡ ಬಸುರಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಹೋದ ವರ್ಷದ್ದು ನಾಲ್ಕನೇ ತಿಂಗಳಿಗೇ ಜಾರಿಹೋಗಿತ್ತು. ಹಾಗಾಗಿ ಈ ಸಲ ಎಲ್ಲರಿಗೂ ಹೆದರಿಕೆ. ನನಗೆ ಹೆದರಿಕೆಗಿಂತ ಹಟ ಜಾಸ್ತಿ. ಈ ಮಗುವನ್ನು ನಾನು ಉಳಿಸಿಕೊಳ್ಳಲೇಬೇಕು, ಮಂಚಕ್ಕೆ ಬೇರು ಬಿಟ್ಟಾದರೂ ಸರಿ.

ನನ್ನ ಗಂಡ ರವಿಚಂದ್ರ ಮಹಾಶಯರು ನನ್ನನ್ನು ಇಳಿಸಿ, ಚೀಲ ಇಳಿಸಿ, ಒಂದು ಲೋಟ ನೀರು ಕುಡಿದು ಕೊಡೇರಿ ಬಂದರಿಗೆ ಓಡಿದರು. ಅಲ್ಲಿ ಯಾರದೋ ದೋಣಿಯ ಇಂಜಿನ್ ಬಿಚ್ಚಿಟ್ಟು ಬಂದಿದ್ದರಂತೆ. ಇನ್ನು ಭಾನುವಾರ ಭಾನುವಾರ ದರ್ಶನ.

ಅಪ್ಪ ಹೋದ ಮೇಲೆ ಈ ಮನೆಯಲ್ಲಿ ಅಮ್ಮ ಒಬ್ಬಳೇ. ಬೆಳಿಗ್ಗೆ ಪೇಟೆಯ ಕಟ್ಟೆಯಲ್ಲಿ ಕೂತು ಮೀನು ಮಾರಿ ಮಧ್ಯಾಹ್ನಕ್ಕೆ ಬರುತ್ತಾಳೆ. ಪೇಟೆಗೆ ಅವಳು ಜಲಜಕ್ಕ. ಜಲಜಕ್ಕನ ಬಾಯಿಗೆ ಹೆದರಿ ಗಿರಾಕಿಗಳು ಚೌಕಾಸಿ ಮಾಡುವುದಿಲ್ಲ. ಈಗ ಆ ಬಾಯಿಗೆ ಮನೆಯಲ್ಲೂ ಕೆಲಸ ಸಿಕ್ಕಿತು.

"ಮನಿಕೋ ಅಂದ್ರೆ ಮನಿಕೋ. ನೀ ಎದ್ ಕೂಕಂಡದ್ ಕಂಡ್ರೆ ನಾ ಮೀನಿಗೆ ಹೋಪ್ದೇ ಇಲ್ಲೆ, ಕಾಣ್" ಎಂದಳು.

ಬೈಂದೂರಿನ ಸೊಸೈಟಿಯ ಕಂಪ್ಯೂಟರ್ ಕೆಲಸ ಬಿಟ್ಟಾಯಿತು. ಮಲಗಿ ಮಲಗಿ ಬೂಸಲು ಹಿಡಿಯುವುದು ಬೇಡ ಎಂದು ಜಾವಾಸ್ಕ್ರಿಪ್ಟ್ ಕಲಿಸುವ ಆನ್‌ಲೈನ್ ಕ್ಲಾಸಿಗೆ ಸೇರಿದ್ದೇನೆ. ದಿಂಬಿನ ಮೇಲೆ ದಿಂಬು ಇಟ್ಟು ಅದರ ಮೇಲೆ ಲ್ಯಾಪ್‌ಟಾಪ್. ಕೈ ಬೇಗ ಸೋಲುತ್ತದೆ.

25 ಸೆಪ್ಟೆಂಬರ್

ಕ್ಲಾಸಿನವರು ಮನೆಕೆಲಸ ಕೊಟ್ಟಿದ್ದಾರೆ. ಒಂದು ಅಭ್ಯಾಸದ ಲೈಬ್ರರಿ, ಅಂದರೆ ಸಣ್ಣ ಸಣ್ಣ ಕೆಲಸ ಮಾಡುವ ಫಂಕ್ಷನ್‌ಗಳ ಗಂಟು, ಬರೆಯಬೇಕು. ಸಿದ್ಧ ಫಂಕ್ಷನ್‌ಗಳನ್ನು ಮುಟ್ಟದೆ, ಅರೇ ಮತ್ತು ಆಬ್ಜೆಕ್ಟ್‌ಗಳಿಗೆ ಬೇಕಾಗುವ ಸಣ್ಣಪುಟ್ಟ ಕೆಲಸಗಳನ್ನೆಲ್ಲ ನಾವೇ ಮೊದಲಿನಿಂದ ಮಾಡಬೇಕು. ಜೊತೆಗೆ ಪ್ರತಿ ಫಂಕ್ಷನ್‌ಗೂ ಒಂದು ಪರೀಕ್ಷೆ. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಇಬ್ಬಿಬ್ಬರಿಗೆ ಒಂದು ಲೈಬ್ರರಿ.

ನನ್ನ ಪಾಲಿಗೆ ಸಿಕ್ಕಿದವಳು ಪ್ರೇಕ್ಷಾ, ಬ್ರಹ್ಮಾವರದ ಜವಳಿ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಹುಡುಗಿ. ಮುಖ ನೋಡಿಲ್ಲ, ಫೋನಿನಲ್ಲಿ ದನಿ ಮಾತ್ರ. ಪಟಾಕಿ ಹಚ್ಚಿದ ಹಾಗೆ ಮಾತಾಡುತ್ತಾಳೆ.

"ಅಕ್ಕಾ, ಸಾಲಿನ್ ಕೆಲ್ಸ ನಾ ಮಾಡ್ತೆ, ಡಬ್ಬಿ ಕೆಲ್ಸ ನೀವ್ ಮಾಡಿ. ಅಕಾ?"

ಸಾಲು ಎಂದರೆ ಅರೇ: ಒಂದರ ಪಕ್ಕ ಒಂದು, ಅಮ್ಮ ಕಟ್ಟೆಯಲ್ಲಿ ಬಂಗ್ಡೆ ಹರಡಿದ ಹಾಗೆ. ಡಬ್ಬಿ ಎಂದರೆ ಆಬ್ಜೆಕ್ಟ್: ಅಡಿಗೆಮನೆಯ ಡಬ್ಬಿಗಳ ಹಾಗೆ ಪ್ರತಿಯೊಂದಕ್ಕೂ ಹೊರಗೆ ಹೆಸರು, ಒಳಗೆ ಸಾಮಾನು. ಒಪ್ಪಿಕೊಂಡೆ. ಕ್ಲಾಸಿನ ಮೇಷ್ಟರದ್ದು ಒಂದೇ ಕಟ್ಟಪ್ಪಣೆ. ಕೈಗೆ ಕೊಟ್ಟದ್ದನ್ನು ಕೆಡಿಸಬಾರದು. ಬೇಕಾದ್ದನ್ನು ಹೊಸದಾಗಿ ಮಾಡಿಕೊಡಿ, ಮೂಲ ಇದ್ದ ಹಾಗೇ ಇರಲಿ.

ಇವತ್ತು 'ಪಿಕ್' ಬರೆದೆ. ಒಂದು ಆಬ್ಜೆಕ್ಟ್‌ನಿಂದ ಬೇಕಾದ ಡಬ್ಬಿಗಳನ್ನಷ್ಟೇ ಆರಿಸಿ ಕೊಡುವುದು. ಹಸಿರು ಬಂದಾಗ ಕೂಗಿದೆ. ಅಮ್ಮ ಗಾಬರಿಯಾಗಿ ಸೌಟು ಹಿಡಿದು ಓಡಿಬಂದಳು. ವಿಷಯ ತಿಳಿದ ಮೇಲೆ ಅದೇ ಸೌಟಿನಲ್ಲಿ ಹೊಡೆಯುವುದೊಂದು ಬಾಕಿ.

13 ಅಕ್ಟೋಬರ್, ಭಾನುವಾರ

ರವಿ ಬಂದಿದ್ದರು. ಕೈಯ ಗ್ರೀಸ್ ಹೋಗಲೆಂದು ಸೀಮೆಎಣ್ಣೆ ಹಾಕಿ ತಿಕ್ಕಿಕೊಂಡು ಬಂದಿದ್ದಾರೆ. ಈಗ ಗ್ರೀಸ್ ಜೊತೆಗೆ ಸೀಮೆಎಣ್ಣೆಯೂ ನಾರುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತರು. ಇಂಜಿನ್ ಚಾಲೂ ಇದೆಯೇ ಎಂದು ನೋಡುವ ಹಾಗೆ ತಲೆ ವಾರೆ ಮಾಡಿ.

'ಮರ್ಜ್' ಬರೆಯುತ್ತಿದ್ದೆ. ಎರಡು ಆಬ್ಜೆಕ್ಟ್ ಸೇರಿಸಿ ಒಂದು ಮಾಡುವ ಫಂಕ್ಷನ್. ಎರಡರಲ್ಲೂ ಒಂದೇ ಹೆಸರಿನ ಡಬ್ಬಿ ಇದ್ದರೆ ಆಮೇಲೆ ಬಂದವರದ್ದು ನಿಲ್ಲುತ್ತದೆ. ಪರೀಕ್ಷೆಗೆ ಪಾಠದಲ್ಲಿ ಕೊಟ್ಟ ಉದಾಹರಣೆಗಳು ಬೇಜಾರು. ನಮ್ಮಿಬ್ಬರನ್ನೇ ಹಾಕಿದೆ. ನಾನು: ಮೂಗು ಮೊಂಡು, ಕೂದಲು ಗುಂಗುರು, ಕಿವಿ ಚಿಕ್ಕದು. ರವಿ: ಮೂಗು ಉದ್ದ, ಕೂದಲು ನೆಟ್ಟಗೆ, ಕಿವಿ ಆನೆಯದು. ಸೇರಿಸಿದರೆ ಪೂರ್ತಿ ರವಿ ಬಂದರು. ತಿರುಗಿಸಿ ಸೇರಿಸಿದರೆ ಪೂರ್ತಿ ನಾನು. ಮಗು ಹಾಗೆ ಬರುವುದುಂಟೇ? ಕೊನೆಗೆ ರವಿಯಿಂದ ಮೂಗು ಆರಿಸಿ, ನನ್ನಿಂದ ಕೂದಲು, ಕಿವಿ ಆರಿಸಿ, ಎರಡನ್ನೂ ಸೇರಿಸಿ 'ಮಗು' ಎಂದು ಹೆಸರಿಟ್ಟೆ. ಹಸಿರು.

"ಕಿವಿ ಒಂದ್ ನಂದ್ ಹಾಕ್‌ಬ್ಯಾಡ ಮಾರಾಯ್ತಿ" ಎಂದು ರವಿ ನಕ್ಕರು. ನಾವಿಬ್ಬರೂ ಹಾಗೆ ನಕ್ಕು ಎಷ್ಟು ಕಾಲವಾಗಿತ್ತು.

ಅಮ್ಮ ಒಳಗಿನಿಂದ ಕೇಳಿಸಿಕೊಂಡಳು. ಬಂದು ಪರದೆಯನ್ನು ನೋಡಿದಳು, ಓದಿದಳು, ಮುಖ ಕಪ್ಪಿಟ್ಟಿತು.

"ಹುಟ್ಟುಕ್ ಮುಂಚೆ ಮೋರೆ ಬರಿತ್ರಾ? ಒಂದ್ ಅಂಗಿ ತಂದಿಟ್ಕಂಬುಕೆ ಇಲ್ಲೆ, ತೊಟ್ಲ್ ತಪ್ಪುಕೆ ಇಲ್ಲೆ, ನೀವ್ ಮೋರೆ ಬರಿಯುದಾ? ಅಳ್ಸ್ ಅದನ್ನ."

ಅಳಿಸಿದೆ ಎಂದೆ. ಅಳಿಸಲಿಲ್ಲ. ಹಸಿರು ಬಂದದ್ದನ್ನು ಯಾರು ಅಳಿಸುತ್ತಾರೆ.

10 ನವೆಂಬರ್, ಭಾನುವಾರ

ಬಯಕೆ ಶಾಸ್ತ್ರ ಆಯಿತು, ಮಂಚದ ಮೇಲೆಯೇ. ಹಸಿರು ಸೀರೆಯನ್ನು ಉಡಿಸಲಾಗದೆ ಹೊದೆಸಿದರು. ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಬಾಗಿ ತಲೆಗೆ ಹೂ ಮುಡಿಸಿದರು. ಕೊನೆಗೆ ದಿಂಬಿಗೂ ನನಗೂ ಹೂವಿನ ಭಾರ ಸಮ. ಅತ್ತೆ ಗಿರಿಜಮ್ಮ ಉಪ್ಪುಂದದಿಂದ ಏಳು ಬಗೆಯ ತಿಂಡಿ ಮಾಡಿ ತಂದಿದ್ದರು. ಎಲ್ಲವೂ ಎಣ್ಣೆಯವು, ಎಲ್ಲವೂ ನನಗೆ ನಿಷೇಧ. ಮಲಗಿ ವಾಸನೆ ಎಳೆದುಕೊಂಡೆ.

ಡಾಕ್ಟರಮ್ಮ ಕೂಡ ಏಳು ದಾಟಿದರೆ ಧೈರ್ಯ ಅಂದಿದ್ದಾರೆ. ಅಮ್ಮ ಇವತ್ತು ಒಂದು ಸಲವೂ ಬೈಯಲಿಲ್ಲ. ಬಂದವರಿಗೆಲ್ಲ ಬಡಿಸುತ್ತ, ನಡುನಡುವೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿಕೊಂಡು ಹೋಗುತ್ತಿದ್ದಳು.

3 ಡಿಸೆಂಬರ್

ದಿನಗಳು ಒಂದೇ ನಮೂನೆ, ಬರೆಯಲು ಏನಿದೆ. ಗಂಜಿ, ಗುಳಿಗೆ, ಒದೆತ.

ಒದೆತ ಮಾತ್ರ ಜೋರು. ಹೊಟ್ಟೆಗೆ ಲ್ಯಾಪ್‌ಟಾಪ್ ತಾಗಿಸಿದರೆ ಒಳಗಿನಿಂದ ಒದ್ದು ದೂಡುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಒದೆತ ಎಣಿಸಬೇಕು ಎಂದು ಡಾಕ್ಟರಮ್ಮನ ಆಜ್ಞೆ. ಎಣಿಸಿ ಎಣಿಸಿ ಲೆಕ್ಕ ತಪ್ಪುತ್ತದೆ, ಅಷ್ಟು ಒದೆಯುತ್ತದೆ.

ಲೈಬ್ರರಿಯಲ್ಲಿ ದೊಡ್ಡದೊಂದೇ ಉಳಿದಿದೆ: 'ಡೀಪ್ ಕ್ಲೋನ್'. ಆಬ್ಜೆಕ್ಟ್ ಅನ್ನು ಪೂರ್ತಿಯಾಗಿ, ಒಳಗಿನ ಒಳಗಿನವರೆಗೂ ನಕಲು ಮಾಡುವುದು. ನಾನು ಮಾಡಿದ ನಕಲಿನಲ್ಲಿ ಮೇಲಿನ ಡಬ್ಬಿ ಹೊಸತು, ಒಳಗಿನ ಡಬ್ಬಿ ಹಳೆಯದೇ. ನಕಲಿನ ಒಳಗೆ ಕೈಯಾಡಿಸಿದರೆ ಮೂಲದಲ್ಲೂ ಬದಲಾಗುತ್ತದೆ. ಪ್ರೇಕ್ಷಾಳ ಅರ್ಧ ಕೆಲಸ ಇದಕ್ಕೇ ಕಾದು ಕೂತಿದೆ. "ಅಕ್ಕಾ, ನಿಮ್ ಕ್ಲೋನ್ ಆಗ್ದೆ ನಂದ್ ಯಾವ್ದೂ ನಡಿತಿಲ್ಲೆ" ಎಂದು ದಿನಾ ಒಂದು ದೂರು.

17 ಡಿಸೆಂಬರ್

ಒಳಗಿನದ್ದನ್ನೂ ನಕಲು ಮಾಡಿಸಿದೆ. ಈಗ ಹೊಸ ತರಲೆ. ತನ್ನೊಳಗೆ ತನ್ನನ್ನೇ ಇಟ್ಟುಕೊಂಡ ಆಬ್ಜೆಕ್ಟ್ ಸಿಕ್ಕಿದರೆ ಫಂಕ್ಷನ್ ಒಳಗೆ ಹೋಗುತ್ತದೆ, ಹೋಗುತ್ತಲೇ ಇರುತ್ತದೆ, ವಾಪಸ್ಸು ಬರುವುದೇ ಇಲ್ಲ. ಲ್ಯಾಪ್‌ಟಾಪ್ ಬಿಸಿಯಾಗಿ ಫ್ಯಾನ್ ಕಿರುಚುತ್ತದೆ. ಅಮ್ಮ, "ಶಿಶುಗೆ ಶೆಕೆ ಆತ್, ತೆಗಿ ಅದನ್ನ" ಎಂದು ಬೈದಳು. ಪಕ್ಕಕ್ಕೆ ಇಟ್ಟುಕೊಂಡು ಓರೆಯಾಗಿ ಟೈಪ್ ಮಾಡುತ್ತಿದ್ದೇನೆ. ತಲೆಯಲ್ಲಿ ಬೇರೆ ಏನೂ ಇಲ್ಲ.

19 ಡಿಸೆಂಬರ್, ಗುರುವಾರ

ಮುಗಿಯಿತು! ಡೀಪ್ ಕ್ಲೋನ್ ಮುಗಿಯಿತು!

ಉಪಾಯ ಇಷ್ಟೇ. ಒಳಗೆ ಹೋಗುವಾಗ ನೋಡಿದ ಡಬ್ಬಿಗಳನ್ನೆಲ್ಲ ನೆನಪಿಟ್ಟುಕೊಳ್ಳಬೇಕು. ಮೊದಲೇ ನೋಡಿದ್ದು ಮತ್ತೆ ಸಿಕ್ಕರೆ ಅದಕ್ಕೆ ಮಾಡಿದ ನಕಲನ್ನೇ ಕೊಟ್ಟು ಹೊರಗೆ ಬರಬೇಕು. ಬೆಳಿಗ್ಗೆ ಗಂಜಿ ಕುಡಿಯುವಾಗ ಹೊಳೆಯಿತು. ಗಂಜಿ ಅರ್ಧಕ್ಕೆ ಬಿಟ್ಟೆ. ಅಮ್ಮ ಕಟ್ಟೆಗೆ ಹೋದದ್ದೂ ಗೊತ್ತಿಲ್ಲ, ಬಂದದ್ದೂ ಗೊತ್ತಿಲ್ಲ. ಸಂಜೆ ಪರೀಕ್ಷೆಗಳನ್ನು ಓಡಿಸಿದಾಗ ಮೇಲಿನಿಂದ ಕೆಳಗಿನವರೆಗೆ ಹಸಿರು, ಪ್ರೇಕ್ಷಾಳ ಸಾಲುಗಳ ಸಮೇತ. ಅವಳು ಅಂಗಡಿಯಲ್ಲೇ ಕಿರುಚಿ ಸಾಹುಕಾರರಿಂದ ಬೈಸಿಕೊಂಡಳಂತೆ.

ಮಗುವೂ ಇವತ್ತು ದೊಡ್ಡ ಮನಸ್ಸು ಮಾಡಿತು. ಲ್ಯಾಪ್‌ಟಾಪ್ ದೂಡಲಿಲ್ಲ, ಪಕ್ಕೆಗೆ ಗುದ್ದಲಿಲ್ಲ, ದಿನವಿಡೀ ತೆಪ್ಪಗಿತ್ತು. ಅಮ್ಮನಿಗೆ ಕೆಲಸವಿದೆ ಎಂದು ತಿಳಿಯುವಷ್ಟು ಬುದ್ಧಿ ಬಂದಿದೆ. ಎಣಿಸುವುದು ಮರೆತೇಹೋಯಿತು, ನಾಳೆ ಎರಡು ಸಲ ಎಣಿಸಿದರಾಯಿತು.

ತುಂಬ ಖುಷಿಯಾಗಿದೆ. ಬಯಕೆಯ ದಿನಕ್ಕಿಂತಲೂ ಎಂದು ಬರೆಯಬಾರದು, ಆದರೂ ಬರೆದೆ.

20 ಡಿಸೆಂಬರ್

ಬೆಳಿಗ್ಗೆಯೂ ಇಲ್ಲ. ಸಕ್ಕರೆ ನೀರು ಕುಡಿದೆ. ಎಡಮಗ್ಗುಲಾದೆ. ಅಮ್ಮ ರಿಕ್ಷಾ ಕರೆಯಲು ಓಡಿದ್ದಾಳೆ.

27 ಡಿಸೆಂಬರ್

ಮನೆಗೆ ಬಂದೆ.

ಈಗ ಎಷ್ಟು ಬೇಕಾದರೂ ಓಡಾಡಬಹುದಂತೆ.

ಹೊಕ್ಕುಳಬಳ್ಳಿ ಬಿಗಿದಿತ್ತು, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರಮ್ಮ. ಬುಧವಾರವೋ ಗುರುವಾರವೋ ಎಂದು ಕೇಳಿದೆ. ಹಾಗೆಲ್ಲ ಹೇಳಲಾಗದು ಎಂದರು. ಗುರುವಾರ ಮಧ್ಯಾಹ್ನವೇ ಬಂದಿದ್ದರೆ ಎಂದು ಕೇಳಿದೆ. ಅವರು ನನ್ನ ತಲೆ ಸವರಿದರು. ಅದೊಂದು ಉತ್ತರವೇ?

ನೋವು ಬರಿಸಿ ಹೆರಿಸಿದರು. ಹೆಣ್ಣು. ಒಬ್ಬ ನರ್ಸ್ ಇನ್ನೊಬ್ಬಳಿಗೆ ಹೇಳಿದ್ದು ಕಿವಿಗೆ ಬಿತ್ತು. ನಾನು ತಲೆ ಎತ್ತುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಅಮ್ಮ ನನ್ನ ಗಲ್ಲ ಹಿಡಿದು ಮುಖವನ್ನು ಆಚೆ ತಿರುಗಿಸಿದಳು.

"ಗ್ವಾಡಿ ಕಾಣ್ ಮಗಾ. ಕಂಡ್ರೆ ಮರಿಯುಕೆ ಆತಿಲ್ಲೆ. ಗ್ವಾಡಿ ಕಾಣ್."

ನಾನು ಗೋಡೆ ನೋಡಿದೆ. ನೀಲಿ ಬಣ್ಣ, ಒಂದು ಮೊಳೆ, ಮೊಳೆಯಲ್ಲಿ ಏನೂ ಇರಲಿಲ್ಲ. ಹೇಳಿದ ಮಾತು ಜನ್ಮದಲ್ಲಿ ಕೇಳದವಳು ಅವತ್ತು ಕೇಳಿದೆ. ತಿರುಗಿದಾಗ ಯಾರೂ ಇರಲಿಲ್ಲ.

ರವಿ ಮತ್ತು ಅವರ ಸೋದರಮಾವ ಗುಡ್ಡಣ್ಣ ಕರೆದುಕೊಂಡು ಹೋದರು. ಅಲ್ಲ, ಎತ್ತಿಕೊಂಡು ಹೋದರು. ಉಪ್ಪುಂದದಲ್ಲಿ ಮಣ್ಣು ಮಾಡಿದರಂತೆ. ಯಾವ ಜಾಗ ಎಂದು ಹೆತ್ತವಳಿಗೆ ಹೇಳುವ ಕ್ರಮ ಇಲ್ಲವಂತೆ. ಹೇಳಿದರೆ ಅಲ್ಲಿಗೆ ಹೋಗಿ ಕೂರುತ್ತಾಳೆ ಎಂದು.

29 ಡಿಸೆಂಬರ್

ಎದೆ ಕಲ್ಲಾಗಿದೆ. ರವಿಕೆ ಒದ್ದೆ. ದೇಹಕ್ಕೆ ಯಾರೂ ಸುದ್ದಿ ಹೇಳಿಲ್ಲ.

ಅಮ್ಮ ಕಟ್ಟೆಯಿಂದ ಬರುವಾಗ ಬಾಳೆಲೆಯಲ್ಲಿ ಮಲ್ಲಿಗೆ ತಂದಳು, ಎರಡು ಚೆಂಡು. ನನಗೆ ಒಂದು ಕ್ಷಣ ಏನೂ ನೆನಪಿರಲಿಲ್ಲ. ಮುಡಿಸಿಕೊಳ್ಳಲು ತಲೆ ಬಗ್ಗಿಸಿದೆ. ಅವಳು ತಲೆಗೆ ಮುಡಿಸಲಿಲ್ಲ. ರವಿಕೆ ಬಿಚ್ಚಿಸಿ, ಹೂವನ್ನು ಎದೆಯ ಮೇಲೆ ಹರಡಿ, ಹಳೆಯ ಸೀರೆ ಹರಿದು ಬಿಗಿಯಾಗಿ ಕಟ್ಟಿದಳು. ಹಾಲು ಬತ್ತಲು ಹೀಗೆ ಮಾಡುತ್ತಾರಂತೆ.

ಮಲ್ಲಿಗೆಯ ವಾಸನೆಗೆ ವಾಂತಿ ಬಂತು. ಅಮ್ಮ ಬೇಸಿನ್ ಹಿಡಿದಳು, ಒರೆಸಿದಳು, ನಾಳೆಗೆ ಮಾರಲು ಚಟ್ಲಿ ಸಿಗುವುದಿಲ್ಲ ಎಂದೇನೋ ಹೇಳುತ್ತ ಹೋದಳು. ಇವಳ ಎದೆ ಯಾವುದರಿಂದ ಮಾಡಿದ್ದು ಎಂದು ಯೋಚಿಸಿದೆ. ಆಸ್ಪತ್ರೆಯಿಂದ ಬಂದ ಮರುದಿನವೇ ಬುಟ್ಟಿ ಹೊತ್ತು ಹೋದವಳು.

2 ಜನವರಿ 2025

ಪ್ರೇಕ್ಷಾಳಿಂದ ಸಂದೇಶಗಳ ಮೇಲೆ ಸಂದೇಶ. ಅವಳಿಗೆ ಗೊತ್ತಿಲ್ಲ. ನಾನು ಉತ್ತರ ಕೊಟ್ಟಿಲ್ಲ. "ಅಕ್ಕಾ, ಹತ್ತೊಂಬತ್ತ್ ತಾರೀಕಿಗೆ ಸಲ್ಲಿಸ್ಕ್." "ಅಕ್ಕಾ ಹುಷಾರಿಲ್ಯಾ?" "ನಿಮ್ ಡೀಪ್ ಕ್ಲೋನ್ ಕ್ಲಾಸಲ್ಲಿ ಎಲ್ಲರ್ದಕ್ಕಿಂತ ಚಂದ ಇತ್ತಂಬ್ರ್ ಮೇಷ್ಟ್ರ್."

ಲ್ಯಾಪ್‌ಟಾಪ್ ತೆರೆದೆ. ಡೀಪ್ ಕ್ಲೋನ್ ಫೈಲನ್ನು ಓದಿದೆ. ಪ್ರತಿ ಸಾಲೂ ಗುರುವಾರ ಬರೆದದ್ದು, ಇಲ್ಲವೇ ತಿದ್ದಿದ್ದು. ಈ ಸಾಲು ಬರೆಯುವಾಗ ಮಗಳು ಇದ್ದಳೇ? ಇದನ್ನು ತಿದ್ದುವಾಗ? ಹಸಿರು ಬಂತು ಎಂದು ಕೂಗಿದಾಗ?

ಫೈಲನ್ನೇ ಅಳಿಸಿದೆ. ಕೆಳಗಿನವರೆಗೆ ಎಲ್ಲವೂ ಕೆಂಪಾಯಿತು, ಪ್ರೇಕ್ಷಾಳ ಸಾಲುಗಳ ಸಮೇತ. ಮುಚ್ಚಿಟ್ಟೆ.

3 ಜನವರಿ

ಪ್ರೇಕ್ಷಾ ಫೋನ್ ಮಾಡಿದಳು. "ಎಂತ ಮಾಡಿದ್ರಿ ಅಕ್ಕಾ, ಎಲ್ಲ ಕೆಂಪ್!" ಎಂದು ಬಯ್ಯಲು ಶುರು ಮಾಡಿದಳು. ಹೇಳಿದೆ. ಆ ಕಡೆ ಬಿಲ್ ಮೆಷಿನ್ನಿನ ಸದ್ದು ನಿಂತಿತು.

5 ಜನವರಿ, ಭಾನುವಾರ

ಪ್ರೇಕ್ಷಾ ಬಂದಳು. ಬ್ರಹ್ಮಾವರದಿಂದ ಕುಂದಾಪುರ, ಅಲ್ಲಿಂದ ಇನ್ನೊಂದು ಬಸ್ಸು. ದನಿಗೆ ಹೋಲಿಸಿದರೆ ತೀರ ಗಿಡ್ಡ ಹುಡುಗಿ. ಒಂದು ಪೊಟ್ಟಣ ಬನ್ಸ್ ತಂದು ಅಮ್ಮನ ಕೈಗೆ ಕೊಟ್ಟಳು. ಬಂದು ನನ್ನ ಪಕ್ಕ ಕೂತಳು. ಸಮಾಧಾನ ಹೇಳಲಿಲ್ಲ. ಇನ್ನೂ ವಯಸ್ಸಿದೆ, ದೇವರು ಕೊಡುತ್ತಾನೆ ಎನ್ನಲಿಲ್ಲ. ಅದಕ್ಕೇ ಅವಳನ್ನು ನೋಡಿ ಅಳು ಬಂತು.

ಆಮೇಲೆ ತನ್ನ ಲ್ಯಾಪ್‌ಟಾಪ್ ತೆಗೆದಳು. ಡೀಪ್ ಕ್ಲೋನ್ ಅನ್ನು ತಾನೇ ಹೊಸದಾಗಿ ಬರೆದಿದ್ದಳು.

"ನಿಮ್ದಷ್ಟ್ ಚಂದ ಇಲ್ಲೆ. ಉದ್ದ ಆಯ್ತ್. ನಿಮ್ದ್ ಹಳೇದನ್ನೇ ವಾಪಸ್ ಹಾಕ್ಲಕ್ಕಿತ್, ನಾ ಹಾಕ್ಲಿಲ್ಲೆ. ಆ ದಿನದ್ದ್ ನಿಮ್ಗೆ ಬ್ಯಾಡ ಅಲ್ದಾ?"

ಓದಿದೆ. ಉದ್ದವೇ, ಎರಡು ಕಡೆ ಬಳಸು ದಾರಿ. ತಿದ್ದಲಿಲ್ಲ. ಓಡಿಸಿದೆವು, ಹಸಿರಾಯಿತು. ನಾವಿಬ್ಬರೂ ಕೂಗಲಿಲ್ಲ.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ, ಯಾವ ಬಾಣಂತಿಯ ಮನೆಗೆ ಹೋದರೂ ಎಲ್ಲರೂ ಕೇಳುವ ಮಾತನ್ನು ಕೇಳಿದಳು.

"ಅಕ್ಕಾ, ಶಿಶು ಯಾರ್ ಹಾಂಗೆ ಇದ್ದಿತ್?"

ಇಷ್ಟು ದಿನದಲ್ಲಿ ಒಬ್ಬರೂ ಕೇಳಿರಲಿಲ್ಲ. ಬಾಯಿ ತೆರೆದೆ. ಹೇಳಲು ನನ್ನ ಹತ್ತಿರ ಆ ನೀಲಿ ಗೋಡೆಯ ಒಂದು ಮೊಳೆ ಮಾತ್ರ ಇತ್ತು.

8 ಜನವರಿ

ಯಾರ ಹಾಗೆ ಇದ್ದಳು?

ಅಮ್ಮನನ್ನು ಕೇಳುವುದಿಲ್ಲ. ಗೋಡೆ ತೋರಿಸಿದವಳನ್ನು ಏನು ಕೇಳುವುದು. ಅವಳೂ ಗೋಡೆಯನ್ನೇ ನೋಡಿರುತ್ತಾಳೆ. ರವಿಯನ್ನು ಕೇಳುತ್ತೇನೆ. ಎತ್ತಿಕೊಂಡು ಹೋದವರು ಅವರು, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡವರು ಅವರು. ಫೋನಿನಲ್ಲಿ ಕೇಳುವ ಮಾತಲ್ಲ. ಭಾನುವಾರ ಬರಲಿ.

12 ಜನವರಿ, ಭಾನುವಾರ

ರವಿ ಬಂದರು. ಅಂಗಳದಲ್ಲೇ ಕೂತರು. ನಾನು ಹೊರಗೆ ಬಂದರೆ ಅವರಿಗೆ ಬಾವಿಯಲ್ಲಿ ಕೆಲಸ. ಬಾವಿಕಟ್ಟೆಗೆ ಹೋದರೆ ಬೈಕಿನ ಚೈನು ಸಡಿಲ. ಸಡಿಲವೇ ಆಗದ ಚೈನನ್ನು ಗಂಟೆಗಟ್ಟಲೆ ಬಿಗಿದು, ಚಹಾ ಕುಡಿಯದೆ ಹೋದರು.

ಎಲ್ಲ ಅವರೊಬ್ಬರೇ ಇಟ್ಟುಕೊಂಡಿದ್ದಾರೆ. ಮುಖ ನೋಡಿದ್ದಾರೆ, ಜಾಗ ಗೊತ್ತಿದೆ. ನನಗೆ ಒಂದು ಚೂರು ಕೊಟ್ಟರೆ ಇವರಿಗೇನು ಕಡಿಮೆಯಾಗುತ್ತದೆ? ಇವತ್ತು ರವಿಯ ಮೇಲೆ ಬಂದಷ್ಟು ಸಿಟ್ಟು ಅಮ್ಮನ ಮೇಲೂ ಬಂದಿಲ್ಲ.

19 ಜನವರಿ

ಲೈಬ್ರರಿ ಸಲ್ಲಿಸಿದೆವು. ಕೊನೆಯದಾಗಿ ಪರೀಕ್ಷೆಗಳ ಫೈಲು ನೋಡುವಾಗ ಮರ್ಜ್‌ನ ಕೆಳಗೆ 'ಮಗು' ಹಾಗೇ ಇತ್ತು. ಮೂಗು ಉದ್ದ, ಕೂದಲು ಗುಂಗುರು, ಕಿವಿ ಚಿಕ್ಕದು. ಹಸಿರು. ಹಸಿರು ಎಂದರೆ ಏನು? ನಾನು ಬರೆದದ್ದಕ್ಕೂ ನಾನೇ ಬರೆದದ್ದಕ್ಕೂ ತಾಳೆಯಾಯಿತು ಎಂದಷ್ಟೇ. ನಿಜವಾಗಿ ಹೇಗಿತ್ತು ಎಂದು ಕಂಪ್ಯೂಟರಿಗೆ ಗೊತ್ತಿಲ್ಲ, ನನಗೂ ಇಲ್ಲ.

ಅಳಿಸಲಿಲ್ಲ. ಸರಿಯೋ ತಪ್ಪೋ ತಿಳಿಯದೆ ಅಳಿಸುವುದು ಹೇಗೆ.

ಅಮ್ಮನಿಗೆ ಎರಡು ದಿನದಿಂದ ಜ್ವರ. ಕಟ್ಟೆಗೆ ಹೋಗಿಲ್ಲ. ನಾನೇ ಗಂಜಿ ಬೇಯಿಸಿ ಕೊಟ್ಟೆ. ಲೋಟ ಹಿಡಿಯಲು ಅವಳು ಕೈ ಚಾಚಿದಳು. ಈ ಕೈ ಇಷ್ಟು ಸಣಕಲಾದದ್ದು ಯಾವಾಗ? ಹಿಡಿದು ಕುಡಿಸಿದೆ.

26 ಜನವರಿ, ಭಾನುವಾರ

ರವಿ ನನ್ನನ್ನು ಉಪ್ಪುಂದಕ್ಕೆ ಕರೆದೊಯ್ಯಲು ಬಂದರು. ಗೆಳೆಯನ ಓಮ್ನಿ. ಬಾಣಂತಿಯನ್ನು ಕಳಿಸಿಕೊಡುವಾಗ ತವರಿನವರು ತೊಟ್ಟಿಲು ಕೊಡಬೇಕು, ಊರೆಲ್ಲ ಬಾಗಿಲಿಗೆ ಬರಬೇಕು. ನಮ್ಮ ಬಾಗಿಲಿಗೆ ಯಾರೂ ಬರದ ಹೊತ್ತು ನೋಡಿಯೇ ಅಮ್ಮ ಹೊರಡಿಸಿದಳು. ಚೀಲ ಇಟ್ಟಳು, ಬಾಗಿಲು ಹಾಕಿದಳು, ಒಳಗೆ ಹೋದಳು. ತಿರುಗಿ ನೋಡಲಿಲ್ಲ.

ಗಾಡಿಯೊಳಗೆ ಅವರಿಗೆ ತಪ್ಪಿಸಿಕೊಳ್ಳಲು ಬಾವಿಯೂ ಇಲ್ಲ, ಚೈನೂ ಇಲ್ಲ. ಮರವಂತೆಗೆ ಬಂದಾಗ ನಿಲ್ಲಿಸಿ ಎಂದೆ. ಸಮುದ್ರದ ಕಡೆ ಜನ ಕಿಕ್ಕಿರಿದು ಫೋಟೋ ತೆಗೆಯುತ್ತಿದ್ದರು. ನಾವು ರಸ್ತೆಯ ಈಚೆ, ಹೊಳೆಯ ಕಡೆ ಇಳಿದು ನಿಂತೆವು. ಕೇಳಿಯೇಬಿಟ್ಟೆ.

"ಅದ್ ಯಾರ್ ಹಾಂಗೆ ಇದ್ದಿತ್?"

ರವಿ ಹೊಳೆಯನ್ನೇ ನೋಡುತ್ತ ನಿಂತರು. ನಾನು ಬಿಡಲಿಲ್ಲ. ತೋಳು ಹಿಡಿದು ಅಲುಗಿಸಿದೆ. ನೀವೊಬ್ಬರೇ ಇಟ್ಟುಕೊಳ್ಳಬೇಡಿ, ನನಗೂ ಹೇಳಿ, ಹೆತ್ತವಳು ನಾನು ಎಂದೆ. ಫೋಟೋ ತೆಗೆಯುವವರು ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿರಬೇಕು.

"ನಾ ಕಾಣ್ಲಿಲ್ಲೆ ಸ್ವಾತಿ."

ಅರ್ಥವಾಗಲಿಲ್ಲ.

"ಬಟ್ಟಿ ಸುತ್ತಿ ಕೈಗ್ ಕೊಟ್ರ್. ಉಪ್ಪುಂದದ ವರೆಗೆ ಹಾಂಗೇ ಹಿಡ್ಕಂಡಿದ್ದೆ. ಗುಡ್ಡಣ್ಣ ಮಾವ ಹೇಳ್ರ್, ಒಂದ್ ಸಲ ಮೋರೆ ಕಾಣ್, ಮತ್ತ್ ಸಿಕ್ಕುದಿಲ್ಲೆ ಅಂದೇಳಿ. ಬಟ್ಟಿ ಸರ್ಸುಕೆ ನನ್ ಕೈ ಏಳ್ಲಿಲ್ಲೆ. ಅವ್ರ್ ಮಣ್ಣ್ ಎಳಿಯುವರೆಗೆ ನಾ ಸಮುದ್ರ ಕಾಣ್ತಾ ನಿಂತೆ. ನೀ ಕೇಂತೆ ಅಂದೇಳಿ ಗೊತ್ತಿತ್. ಕೇಂಡ್ರೆ ಎಂತ ಹೇಳುದ್? ಅದ್ಕೇ ಒಳ್ಗೆ ಬತ್ತಿರ್ಲಿಲ್ಲೆ."

ಅವರ ಹತ್ತಿರವೂ ಏನೂ ಇರಲಿಲ್ಲ. ಇಷ್ಟು ದಿನ ಇಲ್ಲದ್ದನ್ನು ಕೊಡುವುದಿಲ್ಲ ಎಂದು ನಾನು ಸಿಟ್ಟು ಮಾಡಿದ್ದೆ. ರವಿ ರಸ್ತೆ ಬದಿಯ ಕಲ್ಲಿನ ಮೇಲೆ ಕುಕ್ಕರಿಸಿ ಕೂತು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ನಾನು ಅವರ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತೆ. ಆಚೆ ಯಾರೋ ಮಕ್ಕಳು ಅಲೆಗೆ ಕೇಕೆ ಹಾಕುತ್ತಿದ್ದರು.

ಕಣ್ಣೊರೆಸಿಕೊಂಡು ಅವರೇ ಹೇಳಿದರು, "ನಿನ್ನಮ್ಮ ಕಂಡಿರ್. ನರ್ಸ್ ಹತ್ರ ಗಲಾಟಿ ಮಾಡಿ ಬಿಸಿನೀರ್ ತರ್ಸಿ ಅವ್ರೇ ಮೀಸಿ ಕೊಟ್ಟದ್ದ್."

ಗಾಡಿ ತಿರುಗಿಸಿದೆವು.

ಅಮ್ಮ ಹಿತ್ತಿಲಲ್ಲಿ ಮೆಟ್ಟುಕತ್ತಿಯ ಮುಂದೆ ಕೂತು ಬೈಗೆ ಮೀನು ಹೆರೆಯುತ್ತಿದ್ದಳು, ಒಬ್ಬಳ ಊಟಕ್ಕೆ ನಾಲ್ಕೇ ಮೀನು. ನಮ್ಮನ್ನು ನೋಡಿ, "ಎಂತ ಮರ್ತ್ ಹೋದ್ರಿ?" ಎಂದಳು. ಅವಳ ಕಣ್ಣು ಊದಿಕೊಂಡಿತ್ತು. ಬಾಗಿಲು ಹಾಕಿ ಒಳಗೆ ಹೋದವಳು ಏನು ಮಾಡುತ್ತಿದ್ದಳು ಎಂದು ಆಗ ತಿಳಿಯಿತು.

"ಅದ್ ಹ್ಯಾಂಗಿದ್ದಿತ್ ಅಮ್ಮ? ನಮ್ಗ್ ಇಬ್ರಿಗೂ ಗೊತ್ತಿಲ್ಲೆ" ಎಂದೆ.

ಅವಳು ರವಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬೇಡ ಎನ್ನುತ್ತಾಳೆ ಎಂದುಕೊಂಡೆ. ಮತ್ತೆ ಮೀನು ಹೆರೆಯತೊಡಗಿದಳು. ಪೊರೆ ಹೋದ ಮೇಲೂ ಅದನ್ನೇ ಹೆರೆಯುತ್ತಿದ್ದಳು.

"ಉಗ್ರ್ ಬಂದಿತ್" ಎಂದಳು, ತಲೆ ಎತ್ತದೆ. "ಕೈಬೆರಳ್ ತುದಿ ವರೆಗೆ. ಮೀಸುವತ್ತಿಗೆ ನನ್ ಕೈಗ್ ತಾಗ್ತ್. ಮನಿಗ್ ಹೋದ್ಮೇಲೆ ಕತ್ತರ್ಸ್ಕ್, ಇಲ್ದಿರೆ ಮೋರೆ ಗೀರ್ಕಂತ್ತ್ ಅಂದ್ಕಂಡೆ. ಅಂದ್ಕಂಡ್ ಮೇಲೆ ನೆನ್ಪಾಯ್ತ್."

ರವಿ ಒಳ್ಳೆಯ ಪ್ಯಾಂಟಿನಲ್ಲೇ ಮೀನಿನ ನೀರು ಹರಿದ ನೆಲದ ಮೇಲೆ ಕೂತುಬಿಟ್ಟರು.

"ಮತ್ತೆ?" ಎಂದು ಕೇಳಿದರು.

ಅಮ್ಮ ಎದ್ದು ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದು ನಮ್ಮಿಬ್ಬರ ನಡುವೆ ಕೂತಳು. ತಲೆಯಿಂದ ಶುರು ಮಾಡಿ ಹೇಳಿದಳು. ನಾವು ಇವತ್ತು ಉಪ್ಪುಂದಕ್ಕೆ ಹೋಗಲಿಲ್ಲ.